ನೆಲ ನಡುಗಿದರೂ ನಿಲ್ಲುವ ಮನೆ



ನಾವೆಲ್ಲ ಬಸ್ಸಿನಲ್ಲಿ ನಿಂತು ಹೋದವರೇ. ಅಮೀನಗಡದಿಂದ ಹುನಗುಂದಕ್ಕೆ ಹೊರಟಿದ್ದೇವೆ ಎಂದು ಇಟ್ಟುಕೊಳ್ಳಿ. ಸಂತೆಯ ದಿನ. ಬಸ್ಸು ತುಂಬಿದೆ. ಹಿಡಿದುಕೊಳ್ಳಲು ಏನೂ ಸಿಕ್ಕಿಲ್ಲ. ಡ್ರೈವರ್ ಒಮ್ಮೆಲೇ ಗಾಡಿ ಬಿಟ್ಟ. ಆಗ ಏನಾಗುತ್ತದೆ? ಕಾಲು ಬಸ್ಸಿನ ಜೊತೆ ಮುಂದೆ ಹೋಗುತ್ತದೆ. ಮೈ ಹಿಂದೆ ಉಳಿಯುತ್ತದೆ. ಹಿಂದೆ ನಿಂತವರ ಮೇಲೆ ಬೀಳುತ್ತೇವೆ. ತಲೆಯ ಮೇಲೆ ಬುಟ್ಟಿ ಇದ್ದರಂತೂ ಕೇಳುವುದೇ ಬೇಡ.

ಭೂಕಂಪ ಆದಾಗ ಮನೆಗೂ ಹೀಗೇ ಆಗುತ್ತದೆ. ಮನೆಯ ಕಾಲು ಎಂದರೆ ಬುನಾದಿ. ಅದು ನೆಲದಲ್ಲಿ ಹೂತಿದೆ. ನೆಲ ಸರಿದರೆ ಬುನಾದಿಯೂ ಸರಿಯುತ್ತದೆ. ಮನೆಯ ತಲೆ ಎಂದರೆ ಮಾಳಿಗೆ. ಅದು ಭಾರ. ಭಾರವಾದದ್ದು ಇದ್ದಲ್ಲೇ ಇರಲು ನೋಡುತ್ತದೆ. ಕಾಲು ಒಂದು ಕಡೆ, ತಲೆ ಒಂದು ಕಡೆ. ನಡುವೆ ಸಿಕ್ಕ ಗೋಡೆ ಬಿರಿಯುತ್ತದೆ. ಅಷ್ಟರಲ್ಲಿ ನೆಲ ತಿರುಗಿ ಹಿಂದಕ್ಕೆ ಬರುತ್ತದೆ. ಹೀಗೆ ಅರ್ಧ ನಿಮಿಷದೊಳಗೆ ಎಷ್ಟೋ ಸಲ.

ಬಸ್ಸಿನಲ್ಲಿ ಬಿದ್ದವರು ಎದ್ದು ನಿಲ್ಲುತ್ತೇವೆ. ಬಿದ್ದ ಗೋಡೆ ಏಳುವುದಿಲ್ಲ.

1993ನೇ ಇಸವಿ, ಸೆಪ್ಟೆಂಬರ್ 30. ನಸುಕಿನ ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷ ಇತ್ತು. ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿ ಕಿಲ್ಲಾರಿ ಎಂಬ ಊರು. ನಮ್ಮ ಬೀದರ, ಕಲಬುರಗಿ ಜಿಲ್ಲೆಗಳ ಆಚೆ ಮಗ್ಗುಲಿಗೇ ಇದೆ. ಹಿಂದಿನ ದಿನ ಜನ ಗಣಪತಿಯನ್ನು ಕಳಿಸಿದ್ದರು. ತಡವಾಗಿ ಮನೆಗೆ ಬಂದು ಮಲಗಿದ್ದರು. ಆಗ ನೆಲ ನಡುಗಿತು. ಭೂಕಂಪದ ಅಳತೆ 6.2. ಬೆಳಕು ಹರಿಯುವ ಹೊತ್ತಿಗೆ ಕಿಲ್ಲಾರಿ ಮತ್ತು ಸುತ್ತಲಿನ ಹಲವು ಹಳ್ಳಿಗಳು ಕಲ್ಲು ಮಣ್ಣಿನ ರಾಶಿಯಾಗಿದ್ದವು. ಸತ್ತವರು ಎಂಟು ಸಾವಿರದಿಂದ ಹತ್ತು ಸಾವಿರ.

ಆಗ ಅಮೀನಗಡ ವಿಜಾಪುರ ಜಿಲ್ಲೆಯಲ್ಲಿತ್ತು. ಕಿಲ್ಲಾರಿ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆ. ಆದರೂ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಹಿರಿಯರಿಗೆ ಆ ನಸುಕು ನೆನಪಿದೆ. "ಮಾಡದಾಗ ಇಟ್ಟ ಚರಿಗಿ ಒಂದಕ್ಕೊಂದು ಬಡದು ಸಪ್ಪಳಾ ಮಾಡಿದ್ವು. ಬೆಕ್ಕು ಬಂದೈತಿ ಅಂತ ಹಚ್ ಅಂದೆ. ಬೆಕ್ಕು ಇರಲಿಲ್ರಿ" ಎನ್ನುತ್ತಾರೆ. ನಾವು ಅವರನ್ನು ಆಯಿ ಎಂದೇ ಕರೆಯುತ್ತೇವೆ. ಈ ಪಾಠ ಶುರುವಾದದ್ದೂ ಆಯಿಯ ಮಾತಿನಿಂದಲೇ.

ಕಿಲ್ಲಾರಿಯ ಮನೆಗಳು ಹೇಗಿದ್ದವು? ನಮ್ಮ ಹಳೆಯ ಮನೆಗಳ ಹಾಗೇ ಇದ್ದವು. ಎರಡು ಅಡಿ, ಎರಡೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಕಲ್ಲಿನ ನಡುವೆ ಬರೀ ಕೆಸರು ಮಣ್ಣು. ಒಳಗಿನ ಮುಖದ ಕಲ್ಲು ಬೇರೆ, ಹೊರಗಿನ ಮುಖದ ಕಲ್ಲು ಬೇರೆ. ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಇಲ್ಲ. ಮೇಲೆ ಜಂತಿ, ಜಂತಿಯ ಮೇಲೆ ದಪ್ಪ ಮಣ್ಣಿನ ಮಾಳಿಗೆ. ನೋಡಲು ಕೋಟೆಯ ಹಾಗೆ. ಬೇಸಿಗೆಯಲ್ಲಿ ತಂಪು. ನಡುಗಿದಾಗ ಮಾತ್ರ ಗೋಡೆಯ ಎರಡು ಮುಖ ಎರಡು ಕಡೆ ಬಿದ್ದವು. ಮಾಳಿಗೆಯ ಮಣ್ಣು ಮಲಗಿದವರ ಮೇಲೆ ಬಿತ್ತು. ಎಷ್ಟೋ ಜನ ಮಣ್ಣಿನಲ್ಲಿ ಉಸಿರು ಕಟ್ಟಿ ಸತ್ತರು. ಕಟ್ಟಿಗೆಯ ಕಂಬದ ಮೇಲೆ ಮಾಳಿಗೆ ಹೊತ್ತ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ಕಂಬದ ಮೇಲೇ ನಿಂತಿತು. ಒಳಗಿದ್ದವರು ಉಳಿದರು.

ಇನ್ನೊಂದು ಸಂಗತಿ ಕೇಳಿ. ಎಲ್ಲಿ ಭೂಕಂಪದ ಅಪಾಯ ಎಷ್ಟು ಎಂದು ತೋರಿಸುವ ಒಂದು ನಕ್ಷೆ ಇದೆ. ಆಗ ಆ ನಕ್ಷೆಯಲ್ಲಿ ದೇಶವನ್ನು ಐದು ವಲಯ ಮಾಡಿದ್ದರು. ಕಿಲ್ಲಾರಿ ಒಂದನೇ ವಲಯದಲ್ಲಿತ್ತು. ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ! 2002ರಲ್ಲಿ ನಕ್ಷೆ ತಿದ್ದಿದರು. ಒಂದನೇ ವಲಯ ಎಂಬುದನ್ನೇ ತೆಗೆದುಹಾಕಿದರು.

"ನಮ್ಮ ಕಡೆ ಅದೆಲ್ಲಾ ಆಗೂದಿಲ್ಲ ಬಿಡ್ರಿ. ಐಹೊಳಿ ಗುಡಿ ಸಾವಿರ ವರ್ಷದ ಮ್ಯಾಲೆ ಆತು, ನಿಂತಿಲ್ಲೇನು?" ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ನಮ್ಮ ಕಡೆಯ ನೆಲ ಹಳೆಯದು, ಗಟ್ಟಿ ಬಂಡೆಯದು. ಇಲ್ಲಿ ದೊಡ್ಡ ಭೂಕಂಪ ಅಪರೂಪ, ಅದು ನಿಜ. ಆದರೆ ಕಿಲ್ಲಾರಿಯವರೂ ಹೀಗೇ ಅಂದುಕೊಂಡಿದ್ದರು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಜನ ಮನೆ ಬಿಟ್ಟು ಹೊರಗೆ ಮಲಗಿದರು. ಅಪರೂಪ ಎಂದರೆ ಇಲ್ಲ ಎಂದಲ್ಲ.

ನೆಲ ನಡುಗುವುದನ್ನು ನಿಲ್ಲಿಸಲು ಯಾರಿಂದಲೂ ಆಗದು. ಇಂಥ ದಿನ ನಡುಗುತ್ತದೆ ಎಂದು ಹೇಳಲೂ ಆಗದು. ಹಾಗಾದರೆ ನೆಲದ ನಡುಕ ಮನೆಯೊಳಗೆ ಬಾರದ ಹಾಗೆ ಮಾಡಬಹುದೇ? ಮಾಡಬಹುದು. ಹಾಗೆ ಮಾಡಿದ ಕಟ್ಟಡಗಳು ಇವೆ. ನಮ್ಮ ದೇಶದಲ್ಲಿ ಅದನ್ನು ಮೊದಲು ಮಾಡಿ ತೋರಿಸಿದ್ದು ಅದೇ ಕಿಲ್ಲಾರಿಯಲ್ಲಿ.

ಇದನ್ನು ಹೇಳಿದಾಗ ಕೇಂದ್ರದಲ್ಲಿ ನಗೆ ಎದ್ದಿತು. "ಅಕ್ಕೋರ, ಮನಿ ನೆಲಕ್ಕ ಹತ್ತಲಾರದಂಗ ಗಾಳ್ಯಾಗ ನಿಂದರ್ತೈತೇನ್ರಿ?"

ಮಾತಿನಲ್ಲಿ ಹೇಳುವ ಬದಲು ಮಾಡಿಯೇ ನೋಡಿದೆವು. ನೀವೂ ಮಾಡಿ ನೋಡಿ. ಖರ್ಚಿಲ್ಲ.

ನೆಲದ ಮೇಲೆ ಒಂದು ಹಲಗೆ ಇಡಿ. ಅದು ನೆಲ ಎಂದು ತಿಳಿಯಿರಿ. ಅದರ ಮೇಲೆ ಒಂದು ತಾಟು. ತಾಟಿನ ಮೇಲೆ ಕರದಂಟಿನ ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಐದು ಇಡಿ. ಅಮೀನಗಡದಲ್ಲಿ ಕರದಂಟಿನ ಡಬ್ಬಿಗೆ ಬರವೇ? ಅದು ಐದು ಮಾಳಿಗೆಯ ಮನೆ. ಈಗ ಹಲಗೆಯನ್ನು ಅತ್ತ ಇತ್ತ ಜಗ್ಗಿರಿ. ಮನೆ ಬಿತ್ತು.

ಈಗ ಮಕ್ಕಳ ಹತ್ತಿರ ಹತ್ತು ಹನ್ನೆರಡು ಗೋಲಿ ತೆಗೆದುಕೊಳ್ಳಿ. ತಾಟಿನ ಕೆಳಗೆ ಹರಡಿ. ಡಬ್ಬಿಗಳನ್ನು ಮತ್ತೆ ಒಟ್ಟಿ. ಹಲಗೆಯನ್ನು ಜಗ್ಗಿರಿ. ಹಲಗೆ ಓಡಾಡುತ್ತದೆ. ಗೋಲಿ ಉರುಳುತ್ತದೆ. ತಾಟು ಬಹಳ ಸರಿಯುವುದಿಲ್ಲ. ಡಬ್ಬಿ ನಿಂತಿರುತ್ತವೆ.

ಗುಟ್ಟು ಇಷ್ಟೇ. ನೆಲಕ್ಕೂ ಮನೆಗೂ ನಡುವೆ ಸುಲಭವಾಗಿ ಸರಿಯುವಂಥದ್ದು ಒಂದನ್ನು ಇಡಬೇಕು. ಆಗ ನೆಲದ ಓಡಾಟ ನೆಲದ ಹತ್ತಿರವೇ ಉಳಿಯುತ್ತದೆ.

ಆದರೆ ಗೋಲಿಯ ಮೇಲೆ ಮನೆ ಕಟ್ಟಲು ಬರುವುದಿಲ್ಲ. ಒಂದು ಜೋರು ಗಾಳಿ ಬಂದರೆ ಮನೆ ಉರುಳಿಕೊಂಡು ಪಕ್ಕದ ಮನೆಗೆ ಹೋದೀತು. ಸರಿದದ್ದು ತನ್ನ ಜಾಗಕ್ಕೆ ತಿರುಗಿ ಬರಲೂ ಬೇಕಲ್ಲ. ಅದಕ್ಕೆ ರಬ್ಬರು ತಂದರು. ರಬ್ಬರು ಜಗ್ಗಿದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ.

ಇಲ್ಲಿ ಇನ್ನೊಂದು ತೊಡಕು. ಮನೆಯ ಭಾರ ಎಷ್ಟು! ಬರೀ ರಬ್ಬರಿನ ದಪ್ಪ ಗಡ್ಡೆಯ ಮೇಲೆ ಮನೆ ಇಟ್ಟರೆ ಅದು ಉಬ್ಬುತ್ತದೆ. ರೊಟ್ಟಿಯ ಹಿಟ್ಟಿನ ದೊಡ್ಡ ಮುದ್ದೆಯ ಮೇಲೆ ತುಂಬಿದ ಕೊಡ ಇಟ್ಟು ನೋಡಿ. ಮುದ್ದೆ ಪಕ್ಕಕ್ಕೆ ಹರಡುತ್ತದೆ, ಕೊಡ ಕುಸಿಯುತ್ತದೆ. ಅದೇ ಹಿಟ್ಟನ್ನು ತೆಳ್ಳಗೆ ತಟ್ಟಿ, ಒಂದು ತಾಟು, ಒಂದು ಪದರ ಹಿಟ್ಟು, ಮತ್ತೆ ತಾಟು, ಮತ್ತೆ ಹಿಟ್ಟು ಎಂದು ಒಟ್ಟಿದರೆ? ಹಿಟ್ಟಿಗೆ ಹರಡಲು ದಾರಿ ಇಲ್ಲ. ಭಾರ ತಡೆಯುತ್ತದೆ. ಆದರೂ ಪಕ್ಕದಿಂದ ನೂಕಿದರೆ ಒಟ್ಟಿಲು ಮೆಲ್ಲಗೆ ವಾಲುತ್ತದೆ.

ಇಂಜಿನಿಯರರು ಮಾಡಿದ್ದೂ ಇದನ್ನೇ. ರಬ್ಬರಿನ ತೆಳು ಪದರ, ಉಕ್ಕಿನ ತಗಡು, ಮತ್ತೆ ರಬ್ಬರು, ಮತ್ತೆ ತಗಡು. ಹೀಗೆ ಹಲವು ಪದರ ಒಟ್ಟಿ, ಕಾಯಿಸಿ, ಒತ್ತಿ ಒಂದೇ ಗಟ್ಟಿ ಮಾಡುತ್ತಾರೆ. ನೋಡಲು ದಪ್ಪನೆಯ ಕರಿ ಗಾಲಿಯ ಹಾಗೆ ಇರುತ್ತದೆ. ಮೇಲಿನಿಂದ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ. ಪಕ್ಕಕ್ಕೆ ಜಗ್ಗಿದರೆ ಮೆತ್ತಗೆ. ಇದಕ್ಕೆ ಐಸೊಲೇಟರ್ ಎಂದು ಹೆಸರು. ಬೇರೆಯಾಗಿ ಇಡುವಂಥದ್ದು ಎಂದು ಅದರ ಅರ್ಥ. ನೆಲದಿಂದ ಮನೆಯನ್ನು ಬೇರೆ ಇಡುತ್ತದೆ.

ಹೆಸರು ನಾಲಿಗೆಗೆ ಹೊಂದಲಿಲ್ಲ. ಆಯಿ ಒಂದು ಹೆಸರು ಕೊಟ್ಟರು. "ತಲಿಗೂ ಕೊಡಕ್ಕೂ ನಡುವೆ ಸಿಂಬಿ ಇರ್ತೈತಲ್ಲ, ಹಂಗ. ಮನಿ ಸಿಂಬಿ ಅನ್ರಿ." ಅಂದಿನಿಂದ ನಮ್ಮ ಕೇಂದ್ರದಲ್ಲಿ ಅದು ಮನೆ ಸಿಂಬಿ. ನಾವೂ ಇಲ್ಲಿ ಹಾಗೇ ಕರೆಯೋಣ.

ಸಿಂಬಿ ಇದ್ದರೆ ಮನೆ ಅಲುಗಾಡುವುದೇ ಇಲ್ಲವೇ? ಅಲುಗಾಡುತ್ತದೆ. ಆದರೆ ಅಲುಗುವ ರೀತಿ ಬೇರೆ. ಗಿಡ್ಡನೆಯ ಗಟ್ಟಿ ಮನೆ ಸಾಣಿಗೆ ಆಡಿಸಿದ ಹಾಗೆ ಪಟಪಟನೆ ನಡುಗುತ್ತದೆ. ಸಾಣಿಗೆಯಲ್ಲಿ ಕಾಳು ಹೇಗೆ ಹಾರುತ್ತದೆ ನೋಡಿದ್ದೀರಿ. ಸಿಂಬಿಯ ಮೇಲಿನ ಮನೆ ಉದ್ದ ಹಗ್ಗದ ತೊಟ್ಟಿಲ ಹಾಗೆ ತೂಗುತ್ತದೆ. ಅತ್ತ ಹೋಗಿ ಇತ್ತ ಬರಲು ಎರಡು ಮೂರು ಸೆಕೆಂಡು ಹಿಡಿಯುತ್ತದೆ. ಭೂಕಂಪದ ಪೆಟ್ಟುಗಳು ಹೆಚ್ಚಾಗಿ ಪಟಪಟನೆ ಬರುವಂಥವು. ಮೆಲ್ಲಗೆ ತೂಗುವ ಮನೆಗೆ ಆ ಪೆಟ್ಟು ಅಷ್ಟಾಗಿ ತಾಗುವುದಿಲ್ಲ. ತೊಟ್ಟಿಲಲ್ಲಿ ಕೂಸು ನಿದ್ದೆ ಮಾಡುತ್ತದೆ. ಸಾಣಿಗೆಯಲ್ಲಿ ಮಲಗಿಸಿದರೆ ಮಾಡೀತೇ?

ತೊಟ್ಟಿಲು ಒಮ್ಮೆ ತೂಗಿದರೆ ಬಹಳ ಹೊತ್ತು ತೂಗುತ್ತದೆ. ಮನೆ ಹಾಗೆ ತೂಗುತ್ತಲೇ ಇರಬಾರದು. ಅದನ್ನು ನಿಲ್ಲಿಸಲು ಒಂದು ಬ್ರೇಕು ಬೇಕು. ನ್ಯೂಜಿಲೆಂಡ್ ಎಂಬುದು ಸಮುದ್ರದ ನಡುವಿನ ಒಂದು ಸಣ್ಣ ದೇಶ. ಅಲ್ಲಿ ಭೂಕಂಪ ಹೆಚ್ಚು. ಆ ದೇಶದ ವಿಜ್ಞಾನಿ ಬಿಲ್ ರಾಬಿನ್ಸನ್ 1970ರ ದಶಕದಲ್ಲಿ ಒಂದು ಉಪಾಯ ಕಂಡುಹಿಡಿದರು. ರಬ್ಬರಿನ ನಡುವೆ ತೂತು ಮಾಡಿ ಅದರಲ್ಲಿ ಸೀಸದ ಗೂಟ ಕೂಡಿಸಿದರು. ಹೊಳೆಯಲ್ಲಿ ಮೀನು ಹಿಡಿಯುವ ಬಲೆಗೆ ಗುಂಡು ಕಟ್ಟುತ್ತಾರಲ್ಲ, ಅದೇ ಸೀಸ. ಮೆತ್ತಗಿನ ಲೋಹ.

ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಮುರಿಯುವಾಗ ಮುಟ್ಟಿ ನೋಡಿ. ಬಿಸಿ ಇರುತ್ತದೆ. ನಮ್ಮ ಕೈಯ ಬಲ ಬಿಸಿಯಾಗಿ ಹೋಯಿತು. ಸೀಸದಲ್ಲೂ ಹಾಗೇ. ಮನೆ ತೂಗುವಾಗ ಸೀಸ ಅತ್ತ ಇತ್ತ ಬಾಗುತ್ತದೆ, ಬಿಸಿಯಾಗುತ್ತದೆ. ಭೂಕಂಪದ ಬಲ ಅಲ್ಲೇ ಕರಗುತ್ತದೆ. ತಂತಿ ಮುರಿಯುತ್ತದೆ, ಸೀಸ ಮುರಿಯುವುದಿಲ್ಲ. ಮತ್ತೆ ಮೊದಲಿನ ಹಾಗೆ ಆಗುತ್ತದೆ. ಗಾಳಿ ಬೀಸಿದಾಗ ಮನೆ ಅಲುಗದ ಹಾಗೆ ಹಿಡಿದಿಡುವುದೂ ಅದೇ ಸೀಸ. ಇಂಥ ಸಿಂಬಿಯ ಮೇಲೆ ಕಟ್ಟಿದ ಜಗತ್ತಿನ ಮೊದಲ ಕಟ್ಟಡ ನ್ಯೂಜಿಲೆಂಡಿನ ವೆಲಿಂಗ್ಟನ್ ಊರಿನಲ್ಲಿ 1981ರಲ್ಲಿ ಎದ್ದಿತು.

ಸಿಂಬಿಯನ್ನು ಎಲ್ಲಿ ಇಡುತ್ತಾರೆ? ಕೆಳಗೆ ಬುನಾದಿ. ಬುನಾದಿಯ ಮೇಲೆ ಅಲ್ಲಲ್ಲಿ ಸಿಂಬಿ. ಪ್ರತಿ ಕಂಬದ ಕೆಳಗೆ ಒಂದು ಎನ್ನಿ. ಅದರ ಮೇಲೆ ಇಡೀ ಮನೆ. ಮನೆಯ ಸುತ್ತ ಒಂದು ಅಡಿ, ಕೆಲವು ಕಡೆ ಇನ್ನೂ ಹೆಚ್ಚು ಸಂದು ಬಿಡುತ್ತಾರೆ. ತೂಗುವಾಗ ಮನೆ ಯಾವುದಕ್ಕೂ ಬಡಿಯಬಾರದು. ನೀರಿನ ಪೈಪು, ಕರೆಂಟಿನ ವೈರು ಬಾಗುವಂಥವು ಇರಬೇಕು. ಆ ಸಂದು ಯಾವಾಗಲೂ ಖಾಲಿ ಇರಬೇಕು. ನಮ್ಮೂರಲ್ಲಾದರೆ ಮೂರೇ ದಿನಕ್ಕೆ ಅದರಲ್ಲಿ ಕುಳ್ಳು ಒಟ್ಟುತ್ತಿದ್ದೆವು!

ಇಂಥ ಕರಿ ರಬ್ಬರಿನ ತಮ್ಮಂದಿರನ್ನು ನೀವು ನೋಡಿರಬಹುದು. ಹೆದ್ದಾರಿಯ ಸೇತುವೆಯ ಕೆಳಗೆ ನಿಂತು ಮೇಲೆ ನೋಡಿ. ಕಂಬದ ತಲೆಗೂ ಮೇಲಿನ ತೊಲೆಗೂ ನಡುವೆ ಎಷ್ಟೋ ಕಡೆ ರಬ್ಬರಿನ ತುಂಡು ಇರುತ್ತದೆ. ಬಿಸಿಲಿಗೆ ಸೇತುವೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಆಗ ಕಂಬಕ್ಕೆ ಪೆಟ್ಟಾಗದಿರಲಿ ಎಂದು ಇಟ್ಟಿರುತ್ತಾರೆ.

ಈಗ ಕಿಲ್ಲಾರಿಗೆ ಬರೋಣ. ಬಿದ್ದ ಊರನ್ನು ಬಿಟ್ಟು ಬೇರೆ ಜಾಗದಲ್ಲಿ ಹೊಸ ಕಿಲ್ಲಾರಿ ಕಟ್ಟಿದರು. ಅಲ್ಲಿ ಎರಡು ಕಟ್ಟಡಗಳನ್ನು ರಬ್ಬರಿನ ಸಿಂಬಿಯ ಮೇಲೆ ಕಟ್ಟಿದರು. ಒಂದು ಶಾಲೆ, ಇನ್ನೊಂದು ಅಂಗಡಿಗಳ ಕಟ್ಟಡ. ಎರಡೂ ಒಂದೇ ಅಂತಸ್ತಿನವು. ಇಟ್ಟಿಗೆಯ ಗೋಡೆ, ಕಾಂಕ್ರೀಟಿನ ಮಾಳಿಗೆ. ನಮ್ಮ ದೇಶದಲ್ಲಿ ಇದೇ ಮೊದಲು. ಮಕ್ಕಳು ಕೂಡುವ ಜಾಗವನ್ನೇ ಮೊದಲು ಆರಿಸಿದ್ದು ನಮಗೆ ಬಹಳ ಸರಿ ಎನಿಸುತ್ತದೆ.

ಆಮೇಲೆ 2001ರ ಜನವರಿ 26. ಗುಜರಾತದ ಕಛ್‌ನಲ್ಲಿ ಭೂಕಂಪ. ಕಿಲ್ಲಾರಿಗಿಂತ ಎಷ್ಟೋ ಪಾಲು ದೊಡ್ಡದು. ಭುಜ್ ಊರಿನ ದೊಡ್ಡ ಆಸ್ಪತ್ರೆ ಕುಸಿದು ಬಿತ್ತು. ಒಳಗಿದ್ದ ರೋಗಿಗಳು ಸತ್ತರು. ಸಾವಿರಾರು ಜನ ಗಾಯಗೊಂಡು ಬಂದಾಗ ಆಸ್ಪತ್ರೆಯೇ ಇರಲಿಲ್ಲ. ಹೊರಗೆ ಬಯಲಿನಲ್ಲಿ ಮಲಗಿಸಿ ಮದ್ದು ಮಾಡಿದರು. ಅದೇ ಊರಿನಲ್ಲಿ ಹೊಸ ಆಸ್ಪತ್ರೆ ಕಟ್ಟಿದಾಗ ಕೆಳಗೆ ಸೀಸ ಮತ್ತು ರಬ್ಬರಿನ ಸಿಂಬಿ ಇಟ್ಟರು. ಅದು 2004ರಲ್ಲಿ ತೆರೆಯಿತು.

"ಅದರಿಂದ ಉಪಯೋಗ ಆಗೈತಿ ಅನ್ನೂದು ಹೆಂಗ ಗೊತ್ರಿ?" ಎಂದು ಕೇಳಿದರು. ಅಮೆರಿಕದ ಲಾಸ್ ಏಂಜಲೀಸ್ ಎಂಬ ದೊಡ್ಡ ಊರಿನಲ್ಲಿ ಒಂದು ಆಸ್ಪತ್ರೆ ಇದೆ. ಅದರ ಕೆಳಗೆ 149 ಸಿಂಬಿಗಳಿವೆ. 1994ರ ಜನವರಿ 17ರ ನಸುಕಿನಲ್ಲಿ ಅಲ್ಲಿ ದೊಡ್ಡ ಭೂಕಂಪ ಆಯಿತು. ಆ ಭಾಗದ ಹಲವು ಆಸ್ಪತ್ರೆಗಳಿಂದ ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು. ಸಿಂಬಿಯ ಮೇಲಿನ ಆಸ್ಪತ್ರೆ ಮಾತ್ರ ಕೆಲಸ ನಿಲ್ಲಿಸಲಿಲ್ಲ. ನಡುಕ ಅಳೆಯುವ ಯಂತ್ರಗಳು ಅಲ್ಲಿದ್ದವು. ಹೊರಗಿನ ನೆಲ ನಡುಗಿದ್ದರ ಅರ್ಧಕ್ಕಿಂತ ಕಡಿಮೆ ಕಟ್ಟಡದ ಒಳಗೆ ನಡುಗಿತ್ತು.

ಇಷ್ಟೆಲ್ಲ ಕೇಳಿ ಇದು ಮಂತ್ರದ ತಾಯತ ಎಂದು ತಿಳಿಯಬೇಡಿ. ನೆಲ ಅತ್ತ ಇತ್ತ ಸರಿದರೆ ಸಿಂಬಿ ಕಾಯುತ್ತದೆ. ಮೇಲೆ ಕೆಳಗೆ ಕುಣಿದರೆ ಅಷ್ಟು ಕಾಯುವುದಿಲ್ಲ. ಮೆತ್ತನೆಯ ಕೆಸರು ನೆಲದಲ್ಲಿ ನಡುಕವೇ ನಿಧಾನವಾಗಿ, ತೊಟ್ಟಿಲ ಹಾಗೆ ಬರುತ್ತದೆ. ಅಲ್ಲಿ ಇದರ ಉಪಯೋಗ ಕಡಿಮೆ. ಗಟ್ಟಿ ನೆಲದ ಮೇಲಿನ ಗಿಡ್ಡ ಕಟ್ಟಡಕ್ಕೆ ಬಹಳ ಹೊಂದುತ್ತದೆ. ಖರ್ಚೂ ಇದೆ. ಲೆಕ್ಕ ಹಾಕುವ ಇಂಜಿನಿಯರರು ಬೇಕು. ಆದ್ದರಿಂದ ಆಸ್ಪತ್ರೆ, ಶಾಲೆ, ಸೇತುವೆ ಇಂಥವಕ್ಕೆ ಇಡುತ್ತಾರೆ.

ಆಯಿ ಎಲ್ಲ ಕೇಳಿ ಸುಮ್ಮನೆ ಕುಳಿತಿದ್ದರು. ಆಮೇಲೆ ಕೇಳಿದರು. "ದವಾಖಾನಿಗೆ ಸಿಂಬಿ ಆತು. ನನ್ನ ಮಾಳಿಗಿಗೆ ಏನ್ರಿ?"

ಅವರ ಮನೆ ಹಳೆಯದು. ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಅದರ ಕೆಳಗೆ ಈಗ ಸಿಂಬಿ ಇಡಲು ಆಗದು. ಆದರೆ ಮೊದಲು ಹೇಳಿದ ಬಸ್ಸಿನ ಮಾತು ನೆನಪಿಡಿ. ತಲೆಯ ಮೇಲಿನ ಬುಟ್ಟಿ ಭಾರ ಇದ್ದಷ್ಟೂ ಬೀಳುವುದು ಜೋರು. ಬುಟ್ಟಿ ಹಗುರ ಮಾಡುವುದು ನಮ್ಮ ಕೈಯಲ್ಲಿದೆ.

ಪ್ರತಿ ವರ್ಷ ಮಳೆಗಾಲದ ಮೊದಲು ಮಾಳಿಗೆಗೆ ಮಣ್ಣು ಹಾಕುತ್ತೇವೆ. ಸೋರಬಾರದು ಎಂದು. ಹಳೆಯದನ್ನು ತೆಗೆಯುತ್ತೇವೆಯೇ? ಇಲ್ಲ. ಅತ್ತೆ ಹಾಕಿದ ಮಣ್ಣಿನ ಮೇಲೆ ಸೊಸೆ ಹಾಕುತ್ತಾಳೆ. ಆಯಿಯ ಮಾಳಿಗೆಯ ಮಣ್ಣು ಒಂದೂವರೆ ಅಡಿ ದಪ್ಪ ಆಗಿತ್ತು. ಕೇಂದ್ರದಲ್ಲಿ ಎಲ್ಲರೂ ಸೇರಿ ಪಾಟಿಯ ಮೇಲೆ ಲೆಕ್ಕ ಹಾಕಿದೆವು. ಅವರು ಮಲಗುವ ಕೋಣೆ 12 ಅಡಿ ಉದ್ದ, 10 ಅಡಿ ಅಗಲ. 12 ಗುಣಿಸು 10, ಅಂದರೆ 120. ಅದನ್ನು ಒಂದೂವರೆಯಿಂದ ಗುಣಿಸಿದರೆ 180 ಘನ ಅಡಿ ಮಣ್ಣು. ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. ಎಲ್ಲ ಸೇರಿ 8,100 ಕಿಲೋ. ಅಂದರೆ 81 ಕ್ವಿಂಟಲ್. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು.

"ಎಂಬತ್ತೊಂದು ಚೀಲ ಜ್ವಾಳ!" ಎಂದು ಒಬ್ಬರು ಬಾಯಿಯ ಮೇಲೆ ಕೈ ಇಟ್ಟರು.

ಲಾತೂರ ಭಾಗದಲ್ಲಿ ಉಳಿದ ಹಳೆಯ ಮನೆಗಳನ್ನು ಗಟ್ಟಿ ಮಾಡುವಾಗ ಇಂಜಿನಿಯರರು ಹೇಳಿದ್ದು ಇದನ್ನೇ. ಹೆಚ್ಚಿನ ಮಣ್ಣು ಇಳಿಸಿ. ನೀರು ಸೋರದಂತೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ತೆಳ್ಳಗೆ ಮಣ್ಣು ಹಾಕಿ. ಗೋಡೆಯ ಎರಡು ಮುಖ ಹಿಡಿಯುವ ಹಾಗೆ ಅಲ್ಲಲ್ಲಿ ಅಡ್ಡ ಕಲ್ಲು ಕೂಡಿಸಿ. ಹೊಸ ಮನೆ ಕಟ್ಟುವವರು ಬಾಗಿಲ ಮೇಲಿನ ಮಟ್ಟದಲ್ಲಿ ನಾಲ್ಕೂ ಗೋಡೆಯ ಸುತ್ತ ಒಂದೇ ಕಾಂಕ್ರೀಟ್ ಪಟ್ಟಿ ಹಾಕಿಸಬೇಕು. ಹರಿವಾಣಕ್ಕೆ ಅಂಚು ಇದ್ದ ಹಾಗೆ ಅದು ಗೋಡೆಗಳನ್ನು ಕೂಡಿಸಿ ಹಿಡಿಯುತ್ತದೆ. ಗೌಂಡಿ ಬಾಗಿಲು, ಕಿಟಕಿಯ ಮೇಲಷ್ಟೇ ತುಂಡು ಪಟ್ಟಿ ಹಾಕಿ ಮುಗಿಸಲು ನೋಡುತ್ತಾನೆ. ಮನೆಯವರು ಮುಂದೆ ನಿಂತು ಕೇಳಬೇಕು. ಗೌಂಡಿಯ ಜೊತೆ ಮಾತು ಗಂಡಸರದು ಎಂದು ನಾವು ಒಳಗೆ ಕೂತರೆ, ಆ ಗೋಡೆಯ ಕೆಳಗೆ ಹೆಚ್ಚು ಹೊತ್ತು ಇರುವವರು ಯಾರು?

ಆಯಿ ಮಗನಿಗೆ ಹೇಳಿದರು. ಅವನು ಮೊದಲು ನಕ್ಕ. ಆಯಿ ಪಾಟಿ ಮನೆಗೆ ಒಯ್ದು ಲೆಕ್ಕ ತೋರಿಸಿದರು. ತಾವೇ ಬರೆದ ಲೆಕ್ಕ. ಈ ಬೇಸಿಗೆಯಲ್ಲಿ ಮಗ, ಸೊಸೆ, ಇಬ್ಬರು ಆಳು ಕೂಡಿ ನಾಲ್ಕು ದಿನ ಮಣ್ಣು ಇಳಿಸಿದರು. ಜಂತಿಯ ಒಂದು ತುದಿ ಗೆದ್ದಲು ತಿಂದದ್ದು ಆಗ ಕಣ್ಣಿಗೆ ಬಿತ್ತು. ಅದನ್ನೂ ಬದಲು ಮಾಡಿದರು. ಮಣ್ಣನ್ನು ಎಲ್ಲಿ ಹಾಕುವುದು ಎಂದು ಓಣಿಯಲ್ಲಿ ಸಣ್ಣ ಜಗಳವೂ ಆಯಿತು. ಕಡೆಗೆ ಹಿತ್ತಲಲ್ಲಿ ಹರಡಿದರು. ಈಗ ಅಲ್ಲಿ ಹೀರಿ ಬಳ್ಳಿ ಹಬ್ಬಿದೆ.